ಡಾಕ್ಟರ್ ಸಾಹೇಬರಿಗೆ ನಾನು ಹಾಕದ ವೋಟು

ನಮ್ಮ ಡಾಕ್ಟರ್ ಸಾಹೇಬರು ಎಂಪಿ ಚುನಾವಣೆಗೆ ನಿಂತಾಗ ನಾನು ಅವರ ವಿರುದ್ಧ ಮುದ್ರೆ ಒತ್ತಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೊಟ್ಟೆಯಲ್ಲಿ ಇಟ್ಟುಕೊಂಡರೆ ಮುಂದಿನ ಸಂತೋಷವನ್ನು ಸರಿಯಾಗಿ ಬರೆಯಲಾಗುವುದಿಲ್ಲ.

ಕುರ್ಲಾದಲ್ಲಿ ಹಾರ್ಬರ್ ಲೈನಿನ ರೈಲು ಹಳಿಗೆ ಅಂಟಿಕೊಂಡ ಚಾಳು ನಮ್ಮದು. ವಿಜಾಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ನಮ್ಮವರೇ ಹತ್ತಾರು ಮನೆ. ಗಲ್ಲಿಯ ಬಾಯಲ್ಲಿ ಸಾಹೇಬರ ದವಾಖಾನೆ. ಅವರು ಮರಾಠಿ ಮನುಷ್ಯ, ಆದರೆ ಇಪ್ಪತ್ತು ವರ್ಷ ನಮ್ಮ ನಾಡಿ ಹಿಡಿದು ಹಿಡಿದು ನಮ್ಮ ಮಾತನ್ನೂ ಕಲಿತಿದ್ದರು, ಬೈಗುಳ ಸಮೇತ. ಗಡಿಯಾರವಿದ್ದ ಮನೆ ನಮ್ಮಲ್ಲಿ ಎರಡೋ ಮೂರೋ. ಅದಕ್ಕೇ ಅವರು ಗುಳಿಗೆಯನ್ನು ವಿ.ಟಿ. ಸ್ಟೇಷನ್ನಿಗೆ ಹೋಗುವ ಲೋಕಲ್ ಗಾಡಿಗಳ ಲೆಕ್ಕದಲ್ಲಿ ಹೇಳುತ್ತಿದ್ದರು. "ಮುಂಜಾನಿ ಮೊದಲನೇ ಗಾಡಿಗೆ ಒಂದು ನುಂಗು. ಆಮ್ಯಾಲೆ ಎರಡು ವಿ.ಟಿ. ಗಾಡಿ ಹೋಗೋತನಕ ಏನೂ ತಿನಬ್ಯಾಡ." ನಾವು ಹಾಗೇ ಮಾಡುತ್ತಿದ್ದೆವು, ವಾಸಿಯೂ ಆಗುತ್ತಿತ್ತು.

ಪ್ರತಿ ಮಳೆಗಾಲ ಚಾಳಿನ ನಲ್ಲಿಯಲ್ಲಿ ಗಟಾರದ ನೀರು ಸೇರಿ ಮಕ್ಕಳಿಗೆಲ್ಲ ವಾಂತಿಭೇದಿ. ಒಂದು ದಿನ ಸಾಹೇಬರು ಪೆನ್ನು ಕೆಳಗಿಟ್ಟು, "ನಿಮ್ಮ ಹೊಟ್ಟಿಗೆ ಔಷಧ ಕೊಟ್ಟು ಸಾಕಾತು. ಇನ್ನ ಆ ಪೈಪಿಗೇ ಕೊಡಬೇಕು" ಅಂದರು. ಆ ವರ್ಷವೇ ಚುನಾವಣೆಗೆ ನಿಂತರು.

ನನ್ನ ಮಗಳು ಆಗ ಎರಡು ತಿಂಗಳ ಬಸುರಿ. ಮೊದಲು ಎರಡು ಸಲ ಬಸಿರು ನಿಂತು ಇಳಿದುಹೋಗಿತ್ತು. ಈ ಸಲ ಸಾಹೇಬರು ಮೊದಲ ದಿನದಿಂದ ನೋಡುತ್ತಿದ್ದರು. ಅವರೊಬ್ಬರ ಮೇಲೆ ನಮ್ಮ ಜೀವ ನಿಂತಿತ್ತು.

ನಲ್ಲಿಯ ಹತ್ತಿರ ಪಕ್ಕದ ಖೋಲಿಯಾಕೆ ಕೊಡ ಇಳಿಸಿ ಕೇಳಿದಳು: "ಅಲ್ಲಬೇ, ಡಾಕ್ಟರ್ ದಿಲ್ಲಿಗೆ ಹೋದ್ರ ನಿನ್ನ ಮಗಳನ್ನ ಯಾರು ನೋಡ್ತಾರ?"

"ಅದನ್ನ ನಾನೂ ವಿಚಾರ ಮಾಡಾಕತ್ತೀನಿ."

"ವಿಚಾರ ಎಂಥಾದ್ದು? ಶಿಕ್ಕಾ ಬ್ಯಾರೆದ್ದಕ್ಕ ಹೊಡಿ. ನನ್ನ ಗಂಡಗ ದಮ್ಮು ಐತಿ, ನಾನೂ ಹಂಗ ಮಾಡಾಕಿ."

ಅವರ ಜೀಪು ಬಂದಾಗ ಆರತಿ ಎತ್ತಿದೆವು, ಜೈಕಾರ ಹಾಕಿದೆವು, ಶಾಲೆಯ ಖೋಲಿಯಲ್ಲಿ ಪರದೆಯ ಹಿಂದೆ ನಿಂತು ಬೇರೆಯವರಿಗೆ ಒತ್ತಿದೆವು. ಆದರೂ ಅವರು ಗೆದ್ದರು! ಹಾರ ಹಾಕಿಕೊಂಡು ಗಲ್ಲಿಗೆ ಬಂದಾಗ ನಾನು ಗೊಳೋ ಎಂದು ಅತ್ತೆ. "ನೋಡ್ರಪಾ, ನಾ ಗೆದ್ದದ್ದಕ್ಕ ಅವ್ವಗ ಎಷ್ಟು ಸಂತೋಷ" ಅಂದರು. ನಾನು ಮಾಡಿದ ಪಾಪ ನನ್ನನ್ನೇ ನೋಡಿ ನಕ್ಕಿತು.

ಎಂಪಿ ಕೈಯಲ್ಲಿ ಕೆಲವು ಫೋನುಗಳ ಕೋಟಾ ಇರುತ್ತದಂತೆ. ಬೇರೆಯವರು ವರ್ಷಗಟ್ಟಲೆ ಕಾಯುವ ಫೋನನ್ನು ಸಾಹೇಬರು ನಮ್ಮ ಚಾಳಿನ ಕೆಳಗಿನ ಹಿಟ್ಟಿನ ಗಿರಣಿಗೆ ಕೊಡಿಸಿದರು. ದಿಲ್ಲಿ ಮನೆಯ ನಂಬರನ್ನು ಗೋಡೆಯ ಮೇಲೆ ಸುಣ್ಣದಲ್ಲಿ ಬರೆಸಿದರು. ಶನಿವಾರ ಬಂದು ಭಾನುವಾರ ದವಾಖಾನೆ ತೆರೆಯುತ್ತಿದ್ದರು. ನಡುವೆ ಏನಾದರೂ ಆದರೆ ಫೋನು. ಮಾತಾಡಿ ಬಂದವರ ಕಿವಿಯೆಲ್ಲ ಜೋಳದ ಹಿಟ್ಟು.

ಆಷಾಢದ ಒಂದು ಬೆಳಿಗ್ಗೆ, ಧೋ ಎಂದು ಮಳೆ ಸುರಿಯುವಾಗ, ಮಗಳಿಗೆ ಬೇನೆ ಶುರುವಾಯಿತು. ನಾನು ಗಿರಣಿಗೆ ಓಡಿದೆ. ಗಿರಣಿಯವನು ನಂಬರ್ ತಿರುಗಿಸಿಕೊಟ್ಟ. ಸಾಹೇಬರು ಪಾರ್ಲಿಮೆಂಟಿಗೆ ಹೊರಡುವವರಿದ್ದರು.

"ಒಂದು ಬ್ಯಾನಿಗೂ ಇನ್ನೊಂದಕ್ಕೂ ನಡುವ ಎಷ್ಟು ವಿ.ಟಿ. ಗಾಡಿ ಹೋದ್ವು?"

"ಒಂದೂ ಹೋಗಿಲ್ರಿ ಸಾಹೇಬ್ರ."

"ಬ್ಯಾನಿ ಎಷ್ಟು ಸಲ ಬಂತು?"

"ಐದು ಸಲ ಬಂತ್ರಿ. ಗಾಡಿ ಒಂದೂ ಇಲ್ಲ!"

"ಹುಚ್ಚಿ! ಐದು ಬ್ಯಾನಿಗೆ ಒಂದೂ ಗಾಡಿ ಇಲ್ಲಂದ್ರ ಕೂಸು ಬಾಗಿಲಿಗೆ ಬಂದೈತಿ! ಫೋನ್ ಇಡು, ದೊಡ್ಡ ದವಾಖಾನಿಗೆ ನಡಿ!"

ಗಿರಣಿಯವನ ಚೀಲ ಹೊರುವ ಕೈಗಾಡಿಯ ಮೇಲೆ ಕೌದಿ ಹಾಸಿ, ಪ್ಲಾಸ್ಟಿಕ್ ಹೊದಿಸಿ, ಅಳಿಯ ಮುಂದೆ ಎಳೆದ, ನಾಲ್ಕು ಜನ ಹಿಂದೆ ನೂಕಿದರು. ಮೊಣಕಾಲುದ್ದ ನೀರು. ನಾನು ಕಂಡ ದೇವರಿಗೆಲ್ಲ ಕೈ ಮುಗಿಯುತ್ತಾ ಓಡಿದೆ.

ಅಲ್ಲಿ ನರ್ಸ್‌ಬಾಯಿ ಮಗಳನ್ನು ನೋಡಿ ನಕ್ಕಳು. "ಅಜೂನ್ ವೇಳ್ ಆಹೆ ಆಜಿ." ಇನ್ನೂ ಹೊತ್ತಿದೆ, ಇಷ್ಟೇಕೆ ಅವಸರ ಎಂದು. ಗಾಡಿಯ ಲೆಕ್ಕ ಹೇಳಿದೆ. ಅವಳು ಹಣೆ ಬಡಿದುಕೊಂಡಳು: ಹಳಿಯ ಮೇಲೆ ನೀರು ನಿಂತು ನಸುಕಿನಿಂದಲೇ ಗಾಡಿಗಳು ಬಂದ್ ಆಗಿದ್ದವು! ನನಗೆ ಹೊಳೆಯಲಿಲ್ಲ, ದಿಲ್ಲಿಯಲ್ಲಿ ಕೂತವರಿಗೆ ಹೇಗೆ ಹೊಳೆಯಬೇಕು?

ಆದರೆ ಮಧ್ಯಾಹ್ನದ ಹೊತ್ತಿಗೆ ನಮ್ಮ ಗಲ್ಲಿಯಲ್ಲಿ ಎದೆಮಟ್ಟ ನೀರು ಬಂತಂತೆ. ಮನೆಯಲ್ಲೇ ಹೊತ್ತು ಕಾಯುತ್ತಾ ಕೂತಿದ್ದರೆ ಕೈಗಾಡಿಯೂ ಇಲ್ಲ, ದಾರಿಯೂ ಇಲ್ಲ. ಸಂಜೆ ನರ್ಸ್‌ಬಾಯಿ ಕೂಸನ್ನು ತಂದು ನನ್ನ ಕೈಗೆ ಕೊಟ್ಟಳು. ಹೆಣ್ಣು. ತಲೆ ತುಂಬಾ ಕೂದಲು, ಮುಷ್ಟಿ ಬಿಗಿ ಹಿಡಿದಿತ್ತು. ಎದುರು ಸಿಕ್ಕವರಿಗೆಲ್ಲ ತೋರಿಸಿದೆ, ಕಸ ಗುಡಿಸುವವಳಿಗೂ ಎರಡು ಸಲ ತೋರಿಸಿದೆ.

ಭಾನುವಾರ ಸಾಹೇಬರು ಪೇಢೆ ಹಿಡಿದು ಮನೆಗೇ ಬಂದರು. ಕೂಸನ್ನು ಅವರ ತೊಡೆಯ ಮೇಲೆ ಹಾಕಿ ನಾನು ತಪ್ಪೊಪ್ಪಿಕೊಂಡೆ. "ನಿಮಗ ನಾ ವೋಟ್ ಹಾಕಿಲ್ರಿ."

ಅವರು ತಲೆಯನ್ನೂ ಎತ್ತಲಿಲ್ಲ. "ನೀ ಒಬ್ಬಾಕಿನ ಅಂದ್ಕೊಂಡಿಯೇನು? ಎಲ್ಲಾ ಕಡೆ ಪೆಟ್ಟಿಗಿ ತೆರೆದ್ರು. ಎಲ್ಲಾಕಿಂತ ಕಡಿಮಿ ವೋಟ್ ಬಂದದ್ದು ನನ್ನ ದವಾಖಾನಿ ಗಲ್ಲ್ಯಾಗ! ನಿನ್ನ ಪೇಶಂಟರಿಗೇ ನೀ ಬ್ಯಾಡಾದಿ ಅಂತ ಮಂದಿ ನಕ್ಕರು. ಪ್ರೀತಿಲೇ ನನ್ನ ಸೋಲಿಸಾಕತ್ತಿದ್ರು ಅಂತ ಅವರಿಗೆ ಹ್ಯಾಂಗ ಹೇಳ್ಲಿ?"

ಮೊಮ್ಮಗಳು ಗೋಡೆ ಹಿಡಿದು ನಡೆಯುವಷ್ಟರಲ್ಲಿ ದಿಲ್ಲಿ ಸರ್ಕಾರ ಬಿದ್ದು ಇನ್ನೊಂದು ಚುನಾವಣೆ ಬಂತು. ಅಷ್ಟೊತ್ತಿಗೆ ನಮ್ಮ ನಲ್ಲಿಗೆ ಹೊಸ ಪೈಪೂ ಬಂದಿತ್ತು. ಈ ಸಲ ಚಾಳಿಗೆ ಚಾಳೇ ಅವರಿಗೆ ಒತ್ತಿತು. ಅವರು ಸೋತರು! ಮರುದಿನ ಬೆಳಿಗ್ಗೆ ನೋಡಿದರೆ ದವಾಖಾನೆಯ ಬಾಗಿಲು ತೆರೆದಿದೆ, ಸಾಹೇಬರು ಚಹಾ ಕುಡಿಯುತ್ತಾ ಕೂತಿದ್ದಾರೆ. ನಾನೇ ಬೇಜಾರು ಮಾಡಿಕೊಂಡಿದ್ದೆ, ಅವರಿಗೇನಿಲ್ಲ.

ಮೊನ್ನೆ ಮೊಮ್ಮಗಳಿಗೆ ನೆಗಡಿಯೆಂದು ಕರೆದುಕೊಂಡು ಹೋದೆ. ಈಗ ಅವಳಿಗೆ ಎರಡು ವರ್ಷ. ಸಾಹೇಬರ ಕೊರಳಲ್ಲಿದ್ದ ಎದೆ ನೋಡುವ ನಳಿಗೆ ಜಗ್ಗಿ ತನ್ನ ಕಿವಿಗೆ ಇಟ್ಟುಕೊಂಡಳು.

"ಮುಂದಿನ ಸಲ ನಿಂದ್ರತೀರೇನ್ರಿ? ನನ್ನ ವೋಟ್ ಯಾಕಡೆ ಹಾಕ್ಲಿ ಹೇಳಿಬಿಡ್ರಿ" ಅಂದೆ.

ಅವರು ನನ್ನ ಮುಖವನ್ನೇ ನೋಡಿದರು. "ಯಾಕ, ಮಗಳಿಗೆ ಮತ್ತ ವಿಶೇಷ ಐತೇನು?"

ನನಗೆ ನಗು ತಡೆಯಲಾಗಲಿಲ್ಲ. "ಹೌದ್ರಿ. ಮೂರು ತಿಂಗಳು."

"ಹಂಗಾದ್ರ ದಿಲ್ಲಿ ಸುದ್ದಿ ಬ್ಯಾಡ" ಎಂದು ಸಾಹೇಬರು ಮೊಮ್ಮಗಳ ಕೈಯಿಂದ ನಳಿಗೆ ಬಿಡಿಸಿಕೊಂಡರು. "ನಾಳೆ ಆಕಿನ್ನ ಕರ್ಕೊಂಡು ಬಾ. ಮೂರನೇ ಗಾಡಿಗೆ."