ಫ್ರಿಜ್ಜಿನ ಗುಂಡಿ

ಗುಜರಿ ಅಂಗಡಿಯಲ್ಲಿ ಹಳೆಯ ಫ್ರಿಜ್ಜು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಬಾಗಿಲು ತೆಗೆದು, ಒಳಗೆ ತಂಪು ಹೆಚ್ಚುಕಮ್ಮಿ ಮಾಡುವ ಗುಂಡಿ ಹುಡುಕಿ, ಅದು ಯಾವ ಅಂಕಿಯಲ್ಲಿದ್ದರೂ ಒಂದಕ್ಕೆ ತಂದು ನಿಲ್ಲಿಸಿದರೇ ಸಮಾಧಾನ. ಮೊನ್ನೆ ರಾಮನಗರದಲ್ಲಿ ಅಂಗಡಿಯವನು, "ತಗಳಾಕಿಲ್ಲ ಅಂದ್ಮೇಲೆ ಯಾಕಮ್ಮ ಕೆದಕ್ತೀಯಾ?" ಅಂದ. ಬಾಗಿಲನ್ನು ಅವನ ಮುಖದೆದುರೇ ದಢಾರನೆ ಬಡಿದು ಬಂದೆ. ಸಿಟ್ಟು ನನಗೆ ಅಪ್ಪನಿಂದ ಬಂದ ಆಸ್ತಿ. ಅದರಲ್ಲಿ ಪಾಲು ಕೇಳಲು ಯಾರೂ ಬರಲಿಲ್ಲ.

ಈಗ ಹಳೆಯ ರೇಡಿಯೊ, ಹಿತ್ತಾಳೆ ಸ್ಟೌ, ಇದ್ದಿಲಿನ ಇಸ್ತ್ರಿಪೆಟ್ಟಿಗೆಗಳನ್ನೆಲ್ಲ ಹುಡುಕಿ ತಂದು ಮನೆಯ ಹಾಲ್‌ನಲ್ಲಿ ಮೆರೆಸುವ ಕಾಲ. ಆಗಿನ ಸಾಮಾನು ಎಷ್ಟು ಗಟ್ಟಿ ನೋಡಿ ಅನ್ನುತ್ತಾರೆ. ಗಟ್ಟಿ ಹೌದು. ಹಾರೆಯಲ್ಲಿ ಹೊಡೆದರೂ ತೂತು ಬೀಳದಷ್ಟು ಗಟ್ಟಿ, ನಾನೇ ಕಣ್ಣಾರೆ ನೋಡಿದ್ದೇನೆ.

ನಮ್ಮದು ಹೊಂಗನೂರು ಕಡೆಯ ಹಳ್ಳಿ. ರೇಷ್ಮೆಗೂಡಿಗೆ ಒಳ್ಳೆಯ ರೇಟು ಸಿಗುತ್ತಿದ್ದ ವರ್ಷಗಳವು. ಒಂದು ಬೆಳೆ ಕೈ ಹಿಡಿದದ್ದೇ ತಡ, ಅಪ್ಪ ಚನ್ನಪಟ್ಟಣದಿಂದ ಫ್ರಿಜ್ಜು ತಂದ. ಊರಿಗೇ ಮೊದಲನೆಯದು. ಒಳಗಿಡಲು ನೀರು, ಮಜ್ಜಿಗೆ, ಒಂದು ಹಿಡಿ ಕೊತ್ತಂಬರಿ ಬಿಟ್ಟರೆ ಏನೂ ಇರಲಿಲ್ಲ. ಆದರೂ ಅವ್ವ ಅದನ್ನು ದಿನಕ್ಕೆರಡು ಸಲ ಒರೆಸುತ್ತಿದ್ದಳು.

ಮುಂದಿನ ಬೆಳೆಗೆ ಅಪ್ಪ ಹುಳದ ಮೊಟ್ಟೆ ತಂದ ಹೊತ್ತಿಗೆ ಪಂಪಿನ ಮೋಟಾರು ಸುಟ್ಟು, ನೀರಿಲ್ಲದೆ ಹಿಪ್ಪುನೇರಳೆ ಸೊಪ್ಪು ಹಿಂದೆ ಬಿದ್ದಿತ್ತು. ಮೊಟ್ಟೆಯೊಡೆದು ಮರಿಗಳು ಎದ್ದರೆ ಮೇಯಿಸಲು ಎಲೆಯಿಲ್ಲ. ತಂಪಿನಲ್ಲಿಟ್ಟರೆ ತಡವಾಗಿ ಏಳುತ್ತವೆ ಎಂದು ಯಾರೋ ಹೇಳಿದರು. ಅಪ್ಪ ಮೊಟ್ಟೆ ಅಂಟಿದ್ದ ಹಾಳೆಗಳನ್ನು ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನೊಳಗಿಟ್ಟ. ಹೆಪ್ಪುಗಟ್ಟಬಾರದೆಂದು ಗುಂಡಿಯನ್ನು ಒಂದಕ್ಕೆ ತಂದು, "ಇದುನ್ನ ಯಾರಾದ್ರೂ ಮುಟ್ಟುದ್ರೆ ಕೈ ಕಡ್ದಾಕ್ಬುಡ್ತೀನಿ" ಅಂದ.

ಒಂದರಲ್ಲಿಟ್ಟರೆ ಐಸ್ ಕಟ್ಟುವುದಿಲ್ಲ. ನನಗೆ ಆಗ ಹತ್ತು ವರ್ಷ. ಗೆಳತಿಯರಿಗೆಲ್ಲ ಐಸ್ ತಂದುಕೊಡುತ್ತೇನೆಂದು ಸ್ಕೂಲಿನಲ್ಲಿ ಜಂಬ ಕೊಚ್ಚಿದ್ದೆ. ಗುಂಡಿಯನ್ನು ಕೊನೆಯ ಏಳಕ್ಕೆ ತಿರುಗಿಸಿದೆ. ಐಸ್ ಏನೋ ಕಟ್ಟಿತು, ಡಬ್ಬಿಗೆ ಹಾಕಿಕೊಂಡು ಹೊರಟರೆ ಅರ್ಧ ದಾರಿಯಲ್ಲೇ ನೀರಾಯಿತು. ಗುಂಡಿಯನ್ನು ಹಿಂದಕ್ಕೆ ತಿರುಗಿಸುವುದು ಮರೆತೇಹೋಯಿತು.

ಸೊಪ್ಪು ಕೈಗೆ ಬಂದ ದಿನ ಅಪ್ಪ ಬಾಗಿಲು ತೆಗೆದ. ಹಾಳೆಗಳು ಹೆಪ್ಪುಗಟ್ಟಿ ಸೆಟೆದುಕೊಂಡಿದ್ದವು. ಇನ್ನು ಒಂದು ಮರಿಯೂ ಏಳುವುದಿಲ್ಲ ಎಂದು ಅವನಿಗೆ ನಿಂತಲ್ಲೇ ಗೊತ್ತಾಯಿತು. ಗುಂಡಿ ನೋಡಿದ.

"ಯಾವೋಳು ತಿರುಗ್ಸಿದ್ದು ಇದುನ್ನ?"

ನಾನು ಬಾಗಿಲ ಸಂದಿಯಲ್ಲಿದ್ದೆ. ಅವ್ವನೇ ಅಂದಳು: "ನಾನೇ ಒಳಗಡೆ ಒರ್ಸ್ದೆ. ಬಟ್ಟೆ ತಗಲ್ಬುಟ್ಟು ತಿರುಗ್ಕಂಡೈತೇನೋ."

ಅಪ್ಪ ಮೂಲೆಯಲ್ಲಿದ್ದ ಹಾರೆ ಎತ್ತಿಕೊಂಡ. ಮೊದಲ ಏಟು ಫ್ರಿಜ್ಜಿಗೆ. ಬಾಗಿಲು ನೆಗ್ಗಿತು, ತೂತಾಗಲಿಲ್ಲ. ಎರಡನೆಯ ಏಟಿಗೆ ಅವ್ವ ಅಡ್ಡ ಹೋದಳು, ಫ್ರಿಜ್ಜು ಉಳಿಸಲು. ಹುಚ್ಚಿ! ಅವಳ ಎಡಗೈಯ ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಅಷ್ಟಕ್ಕೂ ಬಿಡಲಿಲ್ಲ ಅವನು. ಹಾರೆ ಬಿಸಾಡಿ, ತುರುಬು ಹಿಡಿದು ಅಂಗಳಕ್ಕೆ ದರದರ ಎಳೆದು ಒದ್ದ. ಅಕ್ಕಪಕ್ಕದವರು ಸೊಪ್ಪಿನ ಹೊರೆ ಬಿಸಾಕಿ ಓಡಿ ಬಂದು ಬಿಡಿಸುವಷ್ಟರಲ್ಲಿ ಅವಳ ಬಾಯಲ್ಲಿ ರಕ್ತ ಸುರಿಯುತ್ತಿತ್ತು. ನಾನು ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಆ ಹೇಡಿತನಕ್ಕೆ ನನಗೆ ಇವತ್ತಿಗೂ ನನ್ನ ಮೇಲೆ ಅಸಹ್ಯವಿದೆ.

ಹಳೆಯ ಸಾಮಾನಿನ ಹುಚ್ಚು ಹಿಡಿದವರನ್ನು ಕಂಡರೆ ಅದಕ್ಕೇ ನನಗೆ ಅನುಮಾನ. ಚಂದ, ಗಟ್ಟಿ ಅನ್ನುವುದೆಲ್ಲ ಮೇಲುಮಾತು. ಇವರೂ ಯಾವುದೋ ಒಂದು ದಿನಕ್ಕೆ ವಾಪಸು ಹೋಗಿ ಏನನ್ನೋ ಸರಿಮಾಡಲು ಕೈ ಹಾಕುತ್ತಿದ್ದಾರೆ ಅನ್ನಿಸುತ್ತದೆ. ಆ ದಿನ ಕೈಗೆ ಸಿಗುವುದಿಲ್ಲ, ಸಾಮಾನು ಸಿಗುತ್ತದೆ.

ಅಪ್ಪ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ, ಹೋದ ಸಂಕ್ರಾಂತಿಯ ಹೊತ್ತಿಗೆ, ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಾ ಅವ್ವನಿಗೆ ಹೇಳಿಬಿಟ್ಟೆ. ಗುಂಡಿ ತಿರುಗಿಸಿದವಳು ನಾನು ಅಂತ.

ಛಟೀರನೆ ಕೆನ್ನೆಗೆ ಬಿತ್ತು. ಅವಳು ನನಗೆ ಹೊಡೆದದ್ದು ಅದೇ ಮೊದಲು.

"ನಾನೇ ತಿರುಗ್ಸ್ಬುಟ್ಟೆ ಅಂದ್ಕಂಡಿದ್ದೆ ಕಣೇ! ಮನೆ ಬೆಳೆ ಹಾಳ್ಮಾಡ್ದೋಳ್ಗೆ ಆ ಏಟು ನ್ಯಾಯ್ವೇ ಅಂದ್ಕಂಡು, ದಿನಾ ಬೆಳಿಗ್ಗೆ ಅವುನ್ ಫೋಟೋಕ್ಕೆ ಕುಂಕ್ಮ ಇಕ್ದೆ ನಾನು!"

"ತಪ್ಪು ನಂದು ಅವ್ವ, ಇನ್ನೂ ಹೊಡಿ" ಅಂತ ಅತ್ತೆ.

"ನೀನು ಕೂಸು" ಅಂದಳು. ಕೂಸು ಅಂದವಳೇ ಮುರಿದಿದ್ದ ಎಡಗೈಯನ್ನು ಸವರಿಕೊಂಡಳು. "ಕೂಸು ಆಟಾಡಿದ್ದುಕ್ಕೆ ನನ್ ಮೂಳೆ ಮುರುದ್ನಾ ಅವ್ನು?"

ಎದ್ದಳು. ಗೋಡೆಯ ಮೇಲಿದ್ದ ಅಪ್ಪನ ಫೋಟೋ ಕಿತ್ತು, ಹಾರದ ಸಮೇತ ನೆಲಕ್ಕೆ ಅಪ್ಪಳಿಸಿದಳು. ಗಾಜು ಒಡೆದು ಅವರೆಕಾಳಿನ ಮೊರಕ್ಕೆಲ್ಲ ಸಿಡಿಯಿತು. ಏದುಸಿರು ಬಿಡುತ್ತಾ ಗೋಡೆಗೊರಗಿ ಕೂತು, "ಒಸಿ ಪೊರಕೆ ತಗಂಡ್ ಬಾ, ಗುಡ್ಸು" ಅಂದಳು. ಗುಡಿಸಿದೆ.