ಸೀನು ಗಲ್ಲಿ

ಆಗೆಲ್ಲ ನಮ್ಮ ಇಚಲಕರಂಜಿಯಲ್ಲಿ ಬೇಸಿಗೆ ಬಂದದ್ದು ಕ್ಯಾಲೆಂಡರಿಗಿಂತ ಮೊದಲು ಮೂಗಿಗೆ ತಿಳಿಯುತ್ತಿತ್ತು. ನಮ್ಮ ಗಲ್ಲಿಯ ಬಾಯಲ್ಲೇ ಖಾರ ಕುಟ್ಟುವ ಗಿರಣಿ. ವರ್ಷದ ಮಸಾಲೆ ಖಾರಕ್ಕೆಂದು ಹೆಂಗಸರು ಹುರಿದ ಮೆಣಸಿನಕಾಯಿ, ಒಣಕೊಬ್ಬರಿ, ಬೆಳ್ಳುಳ್ಳಿ ಹೊತ್ತು ಸಾಲು ನಿಲ್ಲುತ್ತಿದ್ದರು. ಗಲ್ಲಿ ಹೊಕ್ಕವರು ಸೀನದೆ ದಾಟುತ್ತಿರಲಿಲ್ಲ. ಮಗ್ಗದ ಪಾಳಿ ಮುಗಿಸಿ ಸೈಕಲ್ ಮೇಲೆ ಬರುವವರ ಒಂದೊಂದು ಸೀನಿಗೂ ನಾನು ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದೆ. ಹೀಗೆ ಮಕ್ಕಳ ಬಾಯಲ್ಲಿ ಅದು ಸೀನು ಗಲ್ಲಿಯಾಯಿತು. ಬರಬರುತ್ತ ರಿಕ್ಷಾದವರ ಬಾಯಲ್ಲೂ.

ಒಂದು ಬೇಸಿಗೆ ಗಲ್ಲಿಗೆ ‘ಶಾಂತಿವಿಹಾರ ಮಾರ್ಗ’ ಎಂಬ ಹೊಸ ಫಲಕ ಬಂತು. ಎರಡೂ ಬದಿ ಮಗ್ಗಗಳ ಖಟಖಟ ಇರುವಲ್ಲಿ! ಅಜ್ಜಿಗೆ ಮಾತ್ರ ಭಾರಿ ಖುಷಿ. ಸರೋಜತ್ತೆಯನ್ನು ನೋಡಲು ಗಡಹಿಂಗ್ಲಜದಿಂದ ವರನ ಕಡೆಯವರು ಬರುವವರಿದ್ದರು. ಹಿಂದಿನ ಸಂಬಂಧ ಹೊಸ್ತಿಲಲ್ಲಿ ಒಂಟಿ ಸೀನು ಬಿತ್ತೆಂದೇ ಮುರಿದಿತ್ತು.

“ಫೋನಿನ್ಯಾಗ ಶಾಂತಿವಿಹಾರ ಅಂತನ ಹೇಳೋ,” ಎಂದು ಅಜ್ಜಿ ಅಪ್ಪನಿಗೆ ಹೇಳಿ ನನ್ನತ್ತ ತಿರುಗಿದಳು. “ನೀ ಸೀನಿನ ಹೆಸರ ತಗದಿ ಅಂದ್ರ ನಾಲಿಗಿಗೆ ಖಾರ ಹಚ್ಚತೇನಿ ನೋಡು!”

ಗಿರಣಿಯವನನ್ನು ಬೇಡಿಕೊಂಡು ಆ ದಿನದ ಮಟ್ಟಿಗೆ ಗಿರಣಿಯನ್ನೂ ನಿಲ್ಲಿಸಿದಳು.

ಹೇಳಿದ ಹೊತ್ತು ಮೀರಿತು. ಉಪ್ಪಿಟ್ಟು ಆರಿತು. “ಅವರೇನ ಬರೂದಿಲ್ಲ ಬಿಡವ್ವ,” ಎಂದು ಅತ್ತೆ ಮುಡಿದ ಮಲ್ಲಿಗೆಗೆ ಕೈ ಹಾಕಿದಳು. ನನಗೆ ತಡೆಯಲಾಗಲಿಲ್ಲ. ಚೌಕಕ್ಕೆ ಓಡಿದೆ. ಅಲ್ಲೊಂದು ರಿಕ್ಷಾದಲ್ಲಿ ವರ, ಅವನ ತಂದೆ ತಾಯಿ ಬೆವರಿ ಕೂತಿದ್ದರು. ರಿಕ್ಷಾದವನು ಕಂಡಕಂಡವರಿಗೆಲ್ಲ ಶಾಂತಿವಿಹಾರ ಎಲ್ಲಿ ಎಂದು ಕೇಳುತ್ತಿದ್ದ.

“ಸೀನು ಗಲ್ಲಿರೀ ಮಾಮಾ!” ಎಂದು ಕೂಗಿದೆ.

“ಅದನ್ನ ಮೊದಲ ಹೇಳೂದಲ್ಲೇನ್ರಿ!” ಎಂದು ಅವರಿಗೆ ಗದರಿ ರಿಕ್ಷಾ ತಿರುಗಿಸಿದ.

ಗಿರಣಿ ನಿಂತಿದ್ದರೂ ಗಾಳಿಯಲ್ಲಿ ಖಾರ ಉಳಿದಿತ್ತು. ವರ ಹೊಸ್ತಿಲಲ್ಲಿ ಕಾಲಿಟ್ಟವನೇ, “ಆಕ್ಷೀ!” ಒಂದೇ ಒಂದು. ಅಜ್ಜಿಯ ಮುಖ ಬಿಳಿಚಿತು. ಅಷ್ಟರಲ್ಲಿ ಅಡುಗೆಮನೆಯಿಂದ ಅತ್ತೆಯ ಸೀನು ಸಿಡಿಯಿತು, ಪಾತ್ರೆಗಳು ಅಲುಗುವಂತೆ.

ವರನ ತಾಯಿ ನಕ್ಕೇಬಿಟ್ಟರು. “ಒಂಟಿ ಎಲ್ಲೈತ್ರೀ? ಎರಡಾದೂವು, ಶುಭ ಆತು! ಹುಡುಗಿನ್ನ ಹೊರಗ ಕರೀರಿ.”

ನಾನು ಓಡಿಹೋಗಿ ಗೋಡೆಗೆ ಎರಡು ಗೆರೆ ಎಳೆದೆ.

ಈಗ ಗಿರಣಿಯ ಜಾಗದಲ್ಲಿ ಮೊಬೈಲ್ ಅಂಗಡಿಯಿದೆ. ಖಾರ ಪಾಕೀಟಿನಲ್ಲಿ ಬರುತ್ತದೆ. ಫೋನಿನ ನಕ್ಷೆ ಯಾರನ್ನಾದರೂ ಶಾಂತಿವಿಹಾರ ಮಾರ್ಗಕ್ಕೆ ತಪ್ಪದೆ ಕರೆತರುತ್ತದೆ. ನಾನು ಮಾತ್ರ ಡೈರಿಯಲ್ಲಿ ತಾರೀಖಿನ ಪಕ್ಕ ಸೀನು ಗಲ್ಲಿ ಎಂದೇ ಬರೆಯುತ್ತೇನೆ. ಅತ್ತೆ ಮತ್ತು ಅಂದು ವರನಾಗಿ ಬಂದಿದ್ದ ಮಾಮಾ ಬಂದಾಗ ಗಲ್ಲಿಯ ಬಾಯಲ್ಲಿ ಇಬ್ಬರೂ ಕರವಸ್ತ್ರ ತೆಗೆದು ಮೂಗಿಗೆ ಹಿಡಿಯುತ್ತಾರೆ. ಸ್ವಲ್ಪ ಹೊತ್ತು ಕಾಯುತ್ತಾರೆ. ಸೀನು ಬರುವುದಿಲ್ಲ.