ಅವ್ವನ ಮುಂಗೈ ಮೇಲಿನ ಬಿಳಿ ಕಲೆ

ನಮ್ಮ ಮನೆಯಲ್ಲಿ ಶಾಲೆಗೆ ಹೋದವಳು ನಾನೇ ಮೊದಲು. ನರ್ಸಿಂಗ್ ಪದವಿ ಮುಗಿಸುವಷ್ಟರಲ್ಲಿ ಎರಡು ಸಲ ಫೇಲಾದೆ. ಅದನ್ನೂ ಮುಚ್ಚಿಡುವುದಿಲ್ಲ, ಪದವಿಯನ್ನೂ ಮುಚ್ಚಿಡುವುದಿಲ್ಲ.

ಅವ್ವನ ಬಲ ಮುಂಗೈ ಮೇಲೆ ನಿಂಬೆಕಾಯಿಯಷ್ಟು ಗಂಟು ಬೆಳೆದಿತ್ತು. ಕುಡಗೋಲು ಹಿಡಿದರೆ ನೋವು, ತೆಗೆಸಬೇಕೆಂದರೆ ಸೂಜಿಯ ಹೆದರಿಕೆ. ಜೋಳದ ಕೊಯ್ಲು ಬಂದಿತ್ತು. ನಾನು ಕೆಲಸ ಮಾಡುವ ಆಸ್ಪತ್ರೆಗೇ ಕರೆತಂದೆ. ಸೂಜಿ ಚುಚ್ಚಿದ್ದು ತಿಳಿಯಬಾರದೆಂದು ಡಾಕ್ಟರು ಮೊದಲು ಚರ್ಮ ಮರಗಟ್ಟಿಸುವ ಮುಲಾಮು ಹಚ್ಚಲು ಹೇಳಿದರು. ಹಚ್ಚಿ, ಮೇಲೆ ಪ್ಲಾಸ್ಟಿಕ್ ಅಂಟಿಸಿ, ಒಂದು ತಾಸು ಕೂರಿಸಿದೆ.

ಪ್ಲಾಸ್ಟಿಕ್ ಕಿತ್ತಾಗ ಅವ್ವನ ಕಪ್ಪು ಕೈ ಮೇಲೆ ಸುಣ್ಣ ಬಳಿದಂತೆ ಒಂದು ಚೌಕ. ಆ ಮುಲಾಮಿಗೆ ರಕ್ತನಾಳ ಕುಗ್ಗಿ ಚರ್ಮ ಬಿಳಿಚುತ್ತದೆ, ಕೆಲವು ತಾಸಿನಲ್ಲಿ ತಾನೇ ಸರಿಹೋಗುತ್ತದೆ. ಪರೀಕ್ಷೆಯಲ್ಲಿ ಇದನ್ನು ಬರೆದವಳು ಅವ್ವನಿಗೆ ಹೇಳುವುದನ್ನೇ ಮರೆತಿದ್ದೆ.

ಅವಳು ಚಿವುಟಿಕೊಂಡಳು. ಮತ್ತೆ ಚಿವುಟಿಕೊಂಡಳು. ಸೆರಗು ಮುಚ್ಚಿ ಎದ್ದು ನಿಂತು, ಊರಿಗೆ ಹೋಗೂಣು ಎಂದಳು.

"ಯಾಕಬೇ?"

"ಸಾಲಿ ಗ್ವಾಡಿ ಮ್ಯಾಲಿಂದು ನೀನ ಓದಿ ಹೇಳಿದ್ದಿಯಲ್ಲ. ಬಿಳಿ ಮಚ್ಚಿ, ಚಿವುಟಿದ್ರ ಗೊತ್ತಾಗಂಗಿಲ್ಲ ಅಂದ್ರ ಕುಷ್ಠ ಅಂತ."

ಅದು ನಮ್ಮೂರ ಶಾಲೆಯ ಗೋಡೆ ಮೇಲೆ ಆರೋಗ್ಯ ಇಲಾಖೆಯವರು ಬರೆಸಿದ್ದು. ಮೂರನೇ ತರಗತಿಯಲ್ಲಿದ್ದೆ. ಓದಲು ಬಂತೆಂಬ ಜಂಬದಲ್ಲಿ ಮೊದಲ ಸಾಲು ಗಟ್ಟಿಯಾಗಿ ಓದಿ ಆಟಕ್ಕೆ ಓಡಿದ್ದೆ. ಅವ್ವ ಮರೆತಿರಲಿಲ್ಲ.

ಮುಲಾಮಿನ ಬಗ್ಗೆ ಪುಸ್ತಕದಲ್ಲಿದ್ದದ್ದನ್ನೆಲ್ಲ ಹೇಳಿದೆ. ಮುಖ ತಿರುಗಿಸಿದಳು. ಟ್ಯೂಬಿನಲ್ಲಿ ಉಳಿದದ್ದನ್ನು ನನ್ನ ಕೈಗೇ ಹಚ್ಚಿಕೊಂಡೆ. ಡಾಕ್ಟರು ನಕ್ಕು ಬೇರೆಯವರನ್ನು ಮೊದಲು ಕರೆದರು. ತಾಸಿನ ಮೇಲೆ ನನ್ನ ಪ್ಲಾಸ್ಟಿಕ್ಕನ್ನು ಅವ್ವನೇ ಕಿತ್ತಳು. ಅಂಥದ್ದೇ ಚೌಕ. ಉಗುರೂರಿ ಚಿವುಟಿದಳು.

"ಗೊತ್ತಾತೇನ?"

"ಇಲ್ಲಬೇ."

"ಸುಳ್ಳ ಹೇಳಾಕತ್ತಿ."

ನನ್ನ ಇನ್ನೊಂದು ಕೈಯನ್ನೂ ಚಿವುಟಿದಳು. ನಾನು ಚೀರಿದೆ. ಆಗ ನಕ್ಕಳು. ತಾನೇ ಒಳಗೆ ಹೋಗಿ ಕೈ ಚಾಚಿದಳು. ಗಂಟು ಹೊರಬಂತು.

ಊರಲ್ಲಿ ಬಸ್ಸಿಳಿಯುವಾಗ ಬ್ಯಾಂಡೇಜಿನ ಅಂಚಿನ ಬಿಳಿಪು ಹೋಗಿತ್ತು. ಉರಿಯಾಕತ್ತೈತಿ ಎಂದು ಖುಷಿಯಿಂದ ಹೇಳಿದಳು. ಶಾಲೆಯ ಗೋಡೆಯ ಮುಂದೆ ನಿಂತಳು. ಅಕ್ಷರಗಳು ಮಾಸಿದ್ದವು.

"ಉಳಿದಿದ್ದನ್ನೂ ಓದು."

ಬೇಗ ಔಷಧ ತೆಗೆದುಕೊಂಡರೆ ಈ ರೋಗ ಪೂರ್ತಿ ವಾಸಿಯಾಗುತ್ತದೆ ಎಂದಿತ್ತು. ಓದಿದೆ.

"ಇದನ್ನ ಅವತ್ತ ಓದಿದ್ರ ಇಷ್ಟ ಅಂಜತಿದ್ದಿಲ್ಲ ನಾ," ಎಂದಳು.

ಈಗ ಮುಲಾಮಿನ ಟ್ಯೂಬಿನ ಮುಚ್ಚಳ ತೆಗೆಯುವ ಮೊದಲೇ ಎಲ್ಲರಿಗೂ ಹೇಳುತ್ತೇನೆ: ಬೆಳ್ಳಗಾಗತೈತ್ರಿ, ಚಿವುಟಿದ್ರ ಗೊತ್ತಾಗಂಗಿಲ್ಲ, ಸಂಜಿಗೆ ಸರಿಹೋಗತೈತಿ.